ಒಂದೇ ಪೆಟ್ಟಿನ ಡೋಲು

ಜುಲೈ 12, 2025, ಶನಿವಾರ

ಬೆಳಗ್ಗೆಯಿಂದ ಬಿಡದೆ ಮಳೆ. ಕರೆಂಟ್ ನಿನ್ನೆ ರಾತ್ರಿಯೇ ಹೋಗಿದೆ. ಮೊಬೈಲಲ್ಲಿ ಉಳಿದ ಚಾರ್ಜಿನಲ್ಲೇ ಬರೆಯುತ್ತಿದ್ದೇನೆ, ಯಾಕಂದ್ರೆ ಇವತ್ತು ಕೇಳಿದ ಮಾತುಗಳು ನಾಳೆಗೆ ಮಾಸಿಹೋಗುವುದು ನನಗೆ ಬೇಡ.

ಮಧ್ಯಾಹ್ನ ಊಟಕ್ಕೆ ಕೂರುವಾಗ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ಅಕ್ಕನ ಮಗಳ ಫೋನ್. ಅವಳು ಅಲ್ಲಿ ನರ್ಸ್. "ಚಿಕ್ಕಮ್ಮಾ, ಇವತ್ತು ಇಲ್ಲಿ ಟ್ವೆಲ್ತ್. ಪೇಟೆ ರಸ್ತೆಯೆಲ್ಲ ಮೆರವಣಿಗೆಗೆ ಬಿಟ್ಟಿದ್ದಾರೆ, ಡ್ಯೂಟಿಗೆ ಬೇಗ ಹೊರಟಿದ್ದೇನೆ" ಅಂದಳು. ಟ್ವೆಲ್ತ್ ಅಂದ್ರೆ ಜುಲೈ ಹನ್ನೆರಡು, ಅಲ್ಲಿ ಸರ್ಕಾರಿ ರಜೆ. 1690ರಲ್ಲಿ ಬಾಯ್ನ್ ಅನ್ನೋ ನದಿಯ ದಡದಲ್ಲಿ ಪ್ರೊಟೆಸ್ಟೆಂಟ್ ರಾಜ ವಿಲಿಯಂ, ಕ್ಯಾಥೊಲಿಕ್ ರಾಜ ಜೇಮ್ಸ್‌ನನ್ನು ಸೋಲಿಸಿದ. ಆ ಗೆಲುವಿನ ನೆನಪಿಗೆ ಆರೆಂಜ್ ಆರ್ಡರ್ ಅನ್ನೋ ಸಂಘದವರು, ಅದೂ 1795ರಿಂದ ಇರುವ ಸಂಘ, ಹೆಗಲಿಗೆ ಕಿತ್ತಳೆ ಪಟ್ಟಿ ಹಾಕಿಕೊಂಡು ಕೊಳಲು, ಡೋಲಿನ ಜೊತೆ ಊರೂರಲ್ಲಿ ನಡೆಯುತ್ತಾರೆ. ಹಿಂದಿನ ರಾತ್ರಿ ಕಟ್ಟಿಗೆಯನ್ನು ಮನೆಗಿಂತ ಎತ್ತರ ಪೇರಿಸಿ ಬೆಂಕಿ ಇಡುತ್ತಾರೆ. ಅವರಿಗೆ ಅದು ಹಬ್ಬ. ಕ್ಯಾಥೊಲಿಕ್ ಬೀದಿಯವರಿಗೆ ಮಾತ್ರ ಆ ಡೋಲಿನ ಸದ್ದು ಬೇರೆ ಥರ ಕೇಳುತ್ತದೆ, ನೀವು ಸೋತವರು ಅಂತ ಪ್ರತಿ ವರ್ಷ ಬಾಗಿಲಿಗೇ ಬಂದು ಹೇಳಿದ ಹಾಗೆ. ಅವಳ ವಾರ್ಡಿನಲ್ಲಿ ಒಬ್ಬಳು ಅಜ್ಜನ ಪಟ್ಟಿ ಇಸ್ತ್ರಿ ಮಾಡಿ ಮಗನಿಗೆ ಹಾಕಿ ಕಳಿಸುತ್ತಾಳಂತೆ, ಇನ್ನೊಬ್ಬಳು ಆ ವಾರ ಬಂತು ಅಂದ್ರೆ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಐರ್ಲೆಂಡ್ ಗಣರಾಜ್ಯದ ಡೊನೆಗಾಲ್ ಸಮುದ್ರದ ಕಡೆ ಹೊರಟುಬಿಡುತ್ತಾಳಂತೆ. ಇಬ್ಬರೂ ಒಟ್ಟಿಗೇ ಚಹಾ ಕುಡಿಯುವವರು.

ಮುನ್ನೂರು ವರ್ಷ ಹಿಂದಿನ ಯುದ್ಧಕ್ಕೆ ಈಗಲೂ ಯಾಕೆ ಜಗಳ ಅಂತ ನಾನು ಕೇಳಲಿಲ್ಲ. ಕೊಡಗಿನಲ್ಲಿ ಹುಟ್ಟಿದವಳು ನಾನು, ಹೇಗೆ ಕೇಳಲಿ? ಟಿಪ್ಪು ಸುಲ್ತಾನ್ ಕೊಡವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕಥೆ ನಮ್ಮಲ್ಲಿ ಇವತ್ತಿಗೂ ಮನೆಮನೆಯಲ್ಲಿ ಇದೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. ಆ ನವೆಂಬರ್ 10ರಂದು ಮಡಿಕೇರಿಯಲ್ಲಿ ಕಲ್ಲು ಬಿತ್ತು, ಜೀವ ಹೋಯಿತು. ಆ ದಿನ ಶಾಲೆಯ ಗೇಟ್ ಹಾಕಿ, ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಬ್ಬೊಬ್ಬರ ಮನೆಯವರು ಬರುವವರೆಗೆ ಕಾದಿದ್ದೇನೆ. ಒಂದು ಹುಡುಗಿ "ಮಿಸ್, ನಾನು ಯಾರ ಕಡೆ?" ಅಂತ ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ 2019ರಲ್ಲಿ ಜಯಂತಿ ರದ್ದಾಗುವವರೆಗೆ ನವೆಂಬರ್ ಬಂತು ಅಂದ್ರೆ ಪೊಲೀಸ್ ವ್ಯಾನು, ನಿಷೇಧಾಜ್ಞೆ.

ಅಕ್ಕನ ಮಗಳು ಹೋದ ವರ್ಷ ನನಗೆ ಪೋರ್ಟಡೌನ್ ಊರಿನ ಕಥೆ ಹೇಳಿದ್ದಳು. ಅಲ್ಲಿ ಡ್ರಮ್‌ಕ್ರೀ ಚರ್ಚಿನಿಂದ ವಾಪಸ್ ಬರುವ ಮೆರವಣಿಗೆ ಗಾರ್ವಾಹಿ ರಸ್ತೆಯಲ್ಲೇ ಬರಬೇಕು ಅಂತ ಆರೆಂಜ್ ಆರ್ಡರಿನವರ ಹಟ, ಅಲ್ಲಿನ ಕ್ಯಾಥೊಲಿಕ್ ಮನೆಗಳವರು ಬೇಡವೇ ಬೇಡ ಅಂತ. ಇದು ರಾಣಿಯ ರಸ್ತೆ, ಯಾರು ಬೇಕಾದರೂ ನಡೆಯಬಹುದು ಅನ್ನೋದು ಮೆರವಣಿಗೆಯವರ ವಾದ. 1995ರಿಂದ ಮೂರು ವರ್ಷ ಹೇಗೋ ನುಗ್ಗಿಸಿದರು. 1998ರಲ್ಲಿ ಪೆರೇಡ್ಸ್ ಕಮಿಷನ್ ಅಂತ ಒಂದು ಸ್ವತಂತ್ರ ಆಯೋಗ ಬಂತು, ಆ ರಸ್ತೆ ಬೇಡ ಅಂತ ಆದೇಶ ಮಾಡಿತು. ಗಲಭೆ ಎದ್ದಿತು. ಆ ಗಲಭೆಯ ನಡುವೆ ಜುಲೈ 12ರ ಬೆಳಗಿನ ಜಾವ ಬ್ಯಾಲಿಮನಿ ಊರಿನಲ್ಲಿ ಒಂದು ಮನೆಗೆ ಪೆಟ್ರೋಲ್ ಬಾಂಬ್ ಎಸೆದರು. ಮಲಗಿದ್ದ ಮೂವರು ಪುಟ್ಟ ಅಣ್ಣತಮ್ಮಂದಿರು ಸುಟ್ಟು ಸತ್ತರು. ಇವತ್ತಿಗೆ ಸರಿಯಾಗಿ 27 ವರ್ಷ. ಅದೇ ದಿನ ಆರೆಂಜ್ ಆರ್ಡರಿನ ಪಾದ್ರಿಯೊಬ್ಬರೇ ಎದ್ದು, ಮೂರು ಶವಪೆಟ್ಟಿಗೆಗಳ ನೆರಳಲ್ಲಿ ಆ ರಸ್ತೆ ನಡೆದರೆ ಅದೆಂಥ ಗೆಲುವು ಅಂದರಂತೆ. ಅಲ್ಲಿಂದ ಈಚೆಗೆ ಮೆರವಣಿಗೆ ಗಾರ್ವಾಹಿ ರಸ್ತೆಗೆ ಕಾಲಿಟ್ಟಿಲ್ಲ.

ರಸ್ತೆ ಎಲ್ಲರದ್ದು. ಈ ಮಾತು ನನ್ನ ಮಗನ ಬಾಯಲ್ಲೂ ಕೇಳಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಗಣೇಶ ವಿಸರ್ಜನೆ ದಿನ ಡಿಜೆ ಗಾಡಿ ಮಸೀದಿ ಎದುರು ನಿಂತುಬಿಟ್ಟಿತು. ಇಪ್ಪತ್ತು ನಿಮಿಷ. ಒಳಗೆ ಇಶಾ ನಮಾಜ್ ನಡೆಯುತ್ತಿತ್ತು. ಹಾಡು ದೇವರದ್ದಲ್ಲ, ಬೇಕಂತಲೇ ಹಾಕಿದ ಹಾಡು. ಹುಡುಗರ ಮಧ್ಯೆ ನನ್ನ ಮಗನೂ ಕುಣಿಯುತ್ತಿದ್ದ. ನಾನು ಆರತಿ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ, ಏನೂ ಹೇಳಲಿಲ್ಲ. ಎದುರಿಗೇ ಕಾಕನ ದಿನಸಿ ಅಂಗಡಿ. ಕಾಕ ಅರ್ಧ ಶಟರ್ ಎಳೆದು, ಕೆಳಗಿನಿಂದ ಬಗ್ಗಿ ಒಮ್ಮೆ ನೋಡಿದರು. ನನ್ನನ್ನೇ ನೋಡಿದರಾ ಗೊತ್ತಿಲ್ಲ. ನನಗಂತೂ ನನ್ನನ್ನೇ ಅನ್ನಿಸಿತು. ನನ್ನ ಅಮ್ಮ ಇರುವವರೆಗೆ ಎಮ್ಮೆಮಾಡು ಉರೂಸಿಗೆ ಹರಕೆ ಕಾಣಿಕೆ ಕೊಟ್ಟು ಕಳಿಸುತ್ತಿದ್ದದ್ದು ಇದೇ ಕಾಕನ ಕೈಯಲ್ಲಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವರ ಹುಡುಗರೂ ನಮ್ಮ ಹುಡುಗರೂ ಒಂದೇ ಜೀಪಲ್ಲಿ ಅಕ್ಕಿ ಸಾಗಿಸಿದ್ದರು. ಇದನ್ನೆಲ್ಲ ಎಷ್ಟು ಸಲ ಹೇಳಿಕೊಂಡರೂ ಆ ಇಪ್ಪತ್ತು ನಿಮಿಷ ಅಳಿಸಿಹೋಗಲ್ಲ.

ಇವತ್ತು ಇದನ್ನು ಫೋನಲ್ಲಿ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮಾ, ಇಲ್ಲೂ ಇದೇ ಆಗಿದೆ" ಅಂದಳು. 2012ರ ಟ್ವೆಲ್ತ್ ದಿನ ಬೆಲ್‌ಫಾಸ್ಟಿನ ಡೊನೆಗಾಲ್ ಸ್ಟ್ರೀಟಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಕ್ಯಾಥೊಲಿಕ್ ಚರ್ಚ್ ಎದುರು ಒಂದು ಬ್ಯಾಂಡ್ ನಿಂತು, ಕ್ಯಾಥೊಲಿಕರನ್ನು ಹಂಗಿಸುವ ಹಾಡು ನುಡಿಸುತ್ತಾ ಸುತ್ತು ಹೊಡೆಯಿತು. ವಿಡಿಯೊ ಎಲ್ಲಾ ಕಡೆ ಹರಡಿತು. ಆ ಆಗಸ್ಟಲ್ಲಿ ರಾಯಲ್ ಬ್ಲ್ಯಾಕ್ ಅನ್ನೋ ಇನ್ನೊಂದು ಸಂಘದ ಮೆರವಣಿಗೆಯಲ್ಲೂ ಅಲ್ಲೇ ಗಲಾಟೆ. ಆಮೇಲೆ ಆ ಸಂಘದವರು ಚರ್ಚಿನ ಪಾದ್ರಿಗಳಿಗೆ, ಭಕ್ತರಿಗೆ ಕ್ಷಮೆ ಕೇಳಿ ಪತ್ರ ಬರೆದರು. ಆಯೋಗ ಆ ಚರ್ಚಿನ ಎದುರು ಒಂದು ಷರತ್ತು ಹಾಕಿತು. ಹಾಡಿಲ್ಲ, ಕೊಳಲಿಲ್ಲ. ಹೆಜ್ಜೆ ತಪ್ಪದಿರಲು ಡೋಲಿನ ಒಂದೊಂದೇ ಪೆಟ್ಟು.

ಆ ಒಂದು ಪೆಟ್ಟಿನ ಡೋಲು ಮಧ್ಯಾಹ್ನದಿಂದ ನನ್ನ ತಲೆಯಲ್ಲಿ ಬಡಿಯುತ್ತಿದೆ. ಮೆರವಣಿಗೆ ನಿಲ್ಲಲಿಲ್ಲ, ದಾರಿಯೂ ಬದಲಾಗಲಿಲ್ಲ, ಒಂದು ಬಾಗಿಲಿನ ಎದುರು ದನಿ ತಗ್ಗಿತು. ಅಷ್ಟಕ್ಕೂ ಅವರಿಗೆ ಎಷ್ಟು ವರ್ಷ ಹಿಡಿಯಿತು! ನನಗೆ ಆದೇಶಕ್ಕಿಂತ ಆ ಪತ್ರವೇ ದೊಡ್ಡದು ಅನ್ನಿಸುತ್ತದೆ. ಆದೇಶ ಪೊಲೀಸರಿಂದಲೂ ಬರುತ್ತದೆ. ತಪ್ಪಾಯಿತು ಅನ್ನೋದು ಮೆರವಣಿಗೆ ಹೊರಡಿಸಿದವರ ಬಾಯಿಂದಲೇ ಬರಬೇಕಲ್ವಾ?

ಅಲ್ಲಿ ಎಲ್ಲ ಸರಿಹೋಗಿದೆ ಅಂತಲೂ ಅಲ್ಲ. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಮನೆತನದವರು ಶೇ. 45.7, ಪ್ರೊಟೆಸ್ಟೆಂಟ್ ಕಡೆಯವರು ಶೇ. 43.5. ಲೆಕ್ಕ ತಿರುಗಿದೆ, ಭಯವೂ ಜೊತೆಗೇ ತಿರುಗಿದೆ. ಮೊನ್ನೆ ಗುರುವಾರ ರಾತ್ರಿ ಮೊಯ್ಗಾಶೆಲ್ ಅನ್ನೋ ಊರಲ್ಲಿ ಬೆಂಕಿರಾಶಿಯ ತುದಿಗೆ ಒಂದು ದೋಣಿ ಇಟ್ಟು, ಅದರಲ್ಲಿ ಲೈಫ್ ಜಾಕೆಟ್ ಹಾಕಿದ ಕಪ್ಪು ಬಣ್ಣದ ಗೊಂಬೆಗಳನ್ನು ಕೂರಿಸಿ ಸುಟ್ಟರು. ವಲಸೆ ಬಂದವರು ಅಂತ ಅರ್ಥ. ಪ್ರೊಟೆಸ್ಟೆಂಟ್ ಆರ್ಚ್‌ಬಿಷಪ್ಪರೇ ಖಂಡಿಸಿದರು, ಆದರೂ ಸುಟ್ಟರು. ಜೂನ್‌ನಲ್ಲಿ ಬ್ಯಾಲಿಮೀನಾದಲ್ಲಿ ಹೊರದೇಶದವರ ಮನೆಗಳ ಮೇಲೆ ದಾಳಿ ಆದಾಗ, ಇಲ್ಲಿ ಫಿಲಿಪೀನ್ಸ್ ದೇಶದವರಿದ್ದಾರೆ ಅಂತ ಬಾಗಿಲಿಗೆ ಚೀಟಿ ಅಂಟಿಸಿಕೊಂಡಿದ್ದರಂತೆ ಕೆಲವರು. ನಮ್ಮ ಹುಡುಗಿ ಹೊರಗೆ ಹೋಗುವಾಗ ಕೋಟಿನ ಮೇಲೆ ಆಸ್ಪತ್ರೆಯ ಗುರುತಿನ ಚೀಟಿ ಕಾಣುವ ಹಾಗೆ ಹಾಕಿಕೊಳ್ಳುತ್ತಾಳೆ. ಅಕ್ಕನಿಗೆ ಇದು ಗೊತ್ತಿಲ್ಲ, ಹೇಳಬೇಡಿ ಅಂದಿದ್ದಾಳೆ. ಅಕ್ಕ ಮೊಬೈಲಲ್ಲಿ ಇಂಥದ್ದನ್ನು ಓದುವವಳಲ್ಲ.

ಸಂಜೆ ನಮ್ಮ ಬೀದಿಯ ಗಣೇಶೋತ್ಸವದ ಸಭೆ. ಆಗಸ್ಟ್ 27ಕ್ಕೆ ಚೌತಿ, ಸೆಪ್ಟೆಂಬರ್ ಮೊದಲ ವಾರವೇ ಮಿಲಾದ್, ಎರಡು ಮೆರವಣಿಗೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಹನ್ನೊಂದು ಜನ ಬಂದಿದ್ದರು, ಹೆಂಗಸರು ನಾವಿಬ್ಬರೇ. ವಂತಿಗೆ, ಪೆಂಡಾಲ್ ಎಲ್ಲ ಮುಗಿದ ಮೇಲೆ ನಾನು ಎದ್ದು ಹೇಳಿದೆ: ಈ ಸಲ ಡಿಜೆ ಬೇಡ, ವಾಲಗ ಇರಲಿ. ಮಸೀದಿ ಎದುರು ನಿಲ್ಲೋದು ಬೇಡ. ಅದಕ್ಕೂ ಮೊದಲು ಎರಡು ವರ್ಷದ ಹಿಂದೆ ಆಗಿದ್ದಕ್ಕೆ ನಾವೇ ಹೋಗಿ ಮಾತಾಡೋಣ.

ಡಿಜೆ ಬೇಡ ಅನ್ನೋದಕ್ಕೆ ಬೇಗ ಒಪ್ಪಿದರು, ಬಾಡಿಗೆ ಜಾಸ್ತಿ ಆಗಿದೆ. ಮೂರನೇ ಮಾತಿಗೆ ಒಬ್ಬರು ಎದ್ದು ನಿಂತು, "ಟೀಚರೇ, ನಾವು ಯಾಕೆ ಹೋಗಿ ತಲೆ ತಗ್ಗಿಸಬೇಕು? 2015ರಲ್ಲಿ ಯಾರಾದ್ರೂ ನಮ್ಮ ಹತ್ರ ಬಂದಿದ್ರಾ?" ಅಂದರು. ಅವರ ಮಾತು ಸುಳ್ಳಲ್ಲ, ಆ ನೋವೂ ಸುಳ್ಳಲ್ಲ. ಆದರೆ 2015ರದ್ದಕ್ಕೆ ಕಾಕ ಏನು ಮಾಡಿದ್ದರು? ಅದನ್ನೇ ಕೇಳಿದೆ. ಯಾರೂ ಮಾತಾಡಲಿಲ್ಲ. ಮುಂದಿನ ಸಭೆಗೆ ನೋಡೋಣ ಅಂತ ಅಧ್ಯಕ್ಷರು ಎದ್ದರು. ಹೊರಗೆ ಕೊಡೆ ಬಿಡಿಸುವಾಗ ಹಿರಿಯರೊಬ್ಬರು ಹತ್ತಿರ ಬಂದು, "ನೀವು ಹೋಗೋದಾದ್ರೆ ನಾನೂ ಬರ್ತೇನೆ, ಆದ್ರೆ ಸಭೆಯ ಹೆಸರಲ್ಲಿ ಬೇಡ" ಅಂದರು. ಎರಡು ವರ್ಷದ ಹಿಂದೆ ಇವರೂ ನನ್ನ ಹಾಗೆ ಹಿಂದೆ ನಿಂತಿದ್ದವರೇ.

ಮನೆಗೆ ಬಂದು ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಡೊನೆಗಾಲ್ ಸ್ಟ್ರೀಟ್, ಪತ್ರ, ಡೋಲು, ಎಲ್ಲ ಹೇಳಿದೆ. ಬೈಯಲಿಲ್ಲ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾಯಿತಾ ಅಂದುಕೊಂಡೆ.

"ಅಮ್ಮಾ, ಅವತ್ತು ಗಾಡಿ ಅಲ್ಲಿ ನಿಲ್ಸಿ ಅಂದಿದ್ದು ನಾನೇ."

ನನಗೆ ಇದು ಗೊತ್ತಿರಲಿಲ್ಲ. ಎರಡು ವರ್ಷ ಅವನು ಕಾಕನ ಅಂಗಡಿಗೆ ಹೋಗಲು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ, ಸಕ್ಕರೆ ತರಲು ಹೇಳಿದರೂ ಬೈಕ್ ತೆಗೆದುಕೊಂಡು ಪೇಟೆಗೆ ಹೋಗುತ್ತಿದ್ದ. ಸೋಮಾರಿತನ ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಬರ್ತೇನೆ ಅಂದಿದ್ದಾನೆ. ಭಾನುವಾರ ಕಾಕ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತಾರೆ.