ಪಿಸ್ತೂಲಿನ ಹಿಡಿಕೆಗೆ ಪಂಚೆಯ ಮೈಕಾರ್ಟಾ: ಕೆಲಸ ಎಲ್ಲಿಗೆ ಬಂತು

ನನ್ನ 1911 ಮಾದರಿಯ ಪಿಸ್ತೂಲಿಗೆ ಹಳೆಯ ಪಂಚೆಯಿಂದ ಮೈಕಾರ್ಟಾ, ಅಂದರೆ ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿದ ಹಲಗೆ, ಮಾಡಿ ಹೊಸ ಹಿಡಿಕೆ ಕೂರಿಸುತ್ತಿದ್ದೇನೆ. ಹಿಡಿಕೆ ಬದಲಿಸುವುದು ಸಣ್ಣ ಕೆಲಸ. ಎಡಕ್ಕೊಂದು ಬಲಕ್ಕೊಂದು ಪಟ್ಟಿ, ನಾಲ್ಕು ಸ್ಕ್ರೂ, ಅಷ್ಟೇ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟ ಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬಹುದು. ಪಟ್ಟಿಯನ್ನು ಯಾವುದರಿಂದ ಮಾಡಬೇಕು ಎಂಬುದೇ ತಲೆ ತಿನ್ನುವ ವಿಷಯ. ಹ್ಯೂಸ್ಟನ್ನಿನ ಬೇಸಿಗೆಯಲ್ಲಿ ಗುಂಡು ಹೊಡೆಯುವ ಬಯಲು ರೇಂಜಿನಲ್ಲಿ ನಿಂತರೆ ಮಂಗಳೂರಿನ ಮೇ ತಿಂಗಳಂತೆಯೇ ಅಂಗೈ ಬೆವರುತ್ತದೆ. .45 ಗುಂಡಿನ ಒದೆತಕ್ಕೆ ಹಿಡಿತ ಕೂದಲೆಳೆಯಷ್ಟು ಸರಿದರೂ ಮುಂದಿನ ಗುಂಡಿಗೆ ಕೈಯನ್ನು ಮತ್ತೆ ಕೂರಿಸಿಕೊಳ್ಳಬೇಕು. ಆದ್ದರಿಂದ ನನಗೆ ಒಂದೇ ಷರತ್ತು: ಒದ್ದೆ ಕೈಯಲ್ಲಿ ಜಾರಬಾರದು. ಚೆಂದ ಆಮೇಲೆ.

ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಾಗ ಅದಕ್ಕಿದ್ದದ್ದು ಅಕ್ರೋಟ್ ಮರದ ಹಿಡಿಕೆ. ಮೈತುಂಬ ಸಣ್ಣ ಚೌಕುಳಿ ಕೆತ್ತನೆ, ಸ್ಕ್ರೂಗಳ ಸುತ್ತ ವಜ್ರದಾಕಾರ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ಜಾಗಕ್ಕೆ ಕಂದು ಪ್ಲಾಸ್ಟಿಕ್ ಬಂತು. ಅಕ್ರೋಟ್ ಹಗುರ, ಕೆತ್ತಲು ಸುಲಭ. ಚೌಕುಳಿ ಚೂಪಾಗಿರುವವರೆಗೆ ಹಿಡಿತವೂ ಚೆನ್ನ. ಆದರೆ ಮೇಲೆ ಹೊಳೆಯುವ ವಾರ್ನಿಷ್ ಬಳಿದರೆ ಆ ಗುಣವೆಲ್ಲ ಹೋಯಿತು.

ಮಲೆನಾಡಿನವನಿಗೆ ಬೀಟೆ ನೆನಪಾಗದೆ ಇರುತ್ತದೆಯೇ? ಅಕ್ರೋಟಿಗಿಂತ ಭಾರ, ಗಟ್ಟಿ, ನುಣುಪು ಬಂದರೆ ಕಣ್ಣು ಕೀಳಲಾಗದು. ಆದರೆ ಅದರ ದೂಳು ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ. ಜೊತೆಗೆ 2017ರಿಂದ ಬೀಟೆಯೂ ಅದರ ಬಳಗದ ಮರಗಳೂ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿವೆ. ಊರಿಂದ ಒಂದು ಹಸಿ ತುಂಡನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಮಾತಲ್ಲ. ಹಳೆಯ ರಿವಾಲ್ವರ್‌ಗಳ ಕೊಂಬಿನ ಹಿಡಿಕೆಗಳಲ್ಲಿ ಎಷ್ಟೋ ನಮ್ಮ ಕಡವೆಯ ಕೊಂಬಿನವು. ಭಾರತ ಅದರ ರಫ್ತನ್ನು ನಿಲ್ಲಿಸಿದ್ದು ಸರಿಯಾಯಿತು. ಜನರಲ್ ಪ್ಯಾಟನ್ ಆನೆದಂತದ ಹಿಡಿಕೆಯ ರಿವಾಲ್ವರ್ ಸೊಂಟಕ್ಕೆ ಕಟ್ಟಿಕೊಂಡಿದ್ದ. ಕಾಡಾನೆಗಳನ್ನು ನೋಡುತ್ತ ಬೆಳೆದ ನನಗೆ ಆ ಯೋಚನೆಯೂ ಬೇಡ.

ಮರ, ಕೊಂಬು ಬಿಟ್ಟರೆ ಮುಂದಿನದು ಜಿ-10: ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಲ್ಲಿ ಅದ್ದಿ ಒತ್ತಿದ ಹಲಗೆ. ಎಲೆಕ್ಟ್ರಾನಿಕ್ಸ್‌ನವರು ದಿನಾ ಕಾಣುವ ಸರ್ಕ್ಯೂಟ್ ಬೋರ್ಡಿನ ಒಡಹುಟ್ಟು. ನೀರು, ಎಣ್ಣೆ, ಗನ್ ತೊಳೆಯುವ ದ್ರಾವಣ, ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಮೈ ಒರಟಾಗಿದ್ದರೆ ನೂರು ಗುಂಡು ಹೊಡೆಯುವಷ್ಟರಲ್ಲಿ ಅಂಗೈ ಉರಿಯುತ್ತದೆ. ಉಜ್ಜುವಾಗ ಏಳುವುದು ಗಾಜಿನ ದೂಳು. ಒಳ್ಳೆಯ ಮಾಸ್ಕ್ ಇಲ್ಲದೆ, ನೀರು ಹಾಕದೆ ಉಜ್ಜಲೇಬಾರದು.

ಕೊನೆಗೆ ಮನಸ್ಸು ನಿಂತದ್ದು ಮೈಕಾರ್ಟಾದ ಮೇಲೆ. ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ವಿದ್ಯುತ್ ಉಪಕರಣಗಳಿಗೆಂದು ತಂದದ್ದು: ಹತ್ತಿ ಬಟ್ಟೆ, ನಾರುಬಟ್ಟೆ ಅಥವಾ ಕಾಗದದ ಪದರಗಳ ನಡುವೆ ರಾಳ. ಪಾಲಿಶ್ ಮಾಡದೆ ಬಿಟ್ಟರೆ ನೇಯ್ಗೆಯ ಎಳೆಗಳು ಮೇಲೆ ಉಳಿದು, ಬೆವರಾದಾಗ ಕೈಗೆ ಇನ್ನಷ್ಟು ಕಚ್ಚಿಕೊಳ್ಳುತ್ತವೆ. ನನಗೆ ಬೇಕಾದದ್ದು ಇದೇ. ಬಟ್ಟೆ ಎಂದ ಮೇಲೆ ಅಂಗಡಿಯದ್ದೇ ಏಕೆ? ಅಪ್ಪನ ಹಳೆಯ ಹತ್ತಿ ಪಂಚೆ ಮನೆಯಲ್ಲಿತ್ತು.

ಒಂದು ಎಳೆ ಸುಟ್ಟು ನೋಡಿದೆ. ಬೂದಿಯಾಯಿತು, ಅಪ್ಪಟ ಹತ್ತಿ. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಅಂಥ ಬಟ್ಟೆ ರಾಳವನ್ನು ಸರಿಯಾಗಿ ಕುಡಿಯುವುದಿಲ್ಲ. ಜರಿಯಂಚನ್ನು ಅದೇ ಕಾರಣಕ್ಕೆ ಕತ್ತರಿಸಿ ತೆಗೆದೆ, ಇಲ್ಲದಿದ್ದರೆ ಪದರ ಬಿಡುತ್ತದೆ. ಬಿಳಿ ಹತ್ತಿ ಎಪಾಕ್ಸಿ ಕುಡಿದರೆ ಅರೆಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ. ಆದ್ದರಿಂದ ನಡುನಡುವೆ ಕಡುನೀಲಿ ಹತ್ತಿ ಬಟ್ಟೆ ಸೇರಿಸಿದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಆಗಬೇಕು. ಪ್ರತಿ ಪದರವನ್ನೂ ಪೂರ್ತಿ ನೆನೆಸಿ, ಗಾಳಿಗುಳ್ಳೆಯನ್ನು ಬೆರಳಲ್ಲಿ ಹೊರಗೆ ತಳ್ಳಿ, ಮೇಣದ ಕಾಗದ ಹಾಸಿದ ಎರಡು ಹಲಗೆಗಳ ನಡುವೆ ಕ್ಲಾಂಪ್ ಬಿಗಿದೆ. ಕೈಗವಸು ಬೇಕೇ ಬೇಕು.

ಒಣಗಿದ ತುಂಡನ್ನು ಸೀಳಿದಾಗ ಅಡ್ಡಕೊಯ್ತದಲ್ಲಿ ನೀಲಿ ಗೆರೆಗಳು ಕಂಡವು. ಹಿಡಿಕೆಯ ಉಬ್ಬಿಗೆ ಅರ ಹಾಕಿದಂತೆ ಆ ಗೆರೆಗಳು ನಕ್ಷೆಯ ಎತ್ತರರೇಖೆಗಳಂತೆ ಬಾಗಿಕೊಂಡು ಹೋದವು. ಇಷ್ಟು ಸುಂದರವಾಗಿ ಬರುತ್ತದೆಂದು ಎಣಿಸಿರಲಿಲ್ಲ.

ಎಡ ಪಟ್ಟಿ ಈಗ ಸಿದ್ಧ. ಪೂರ್ಣ ಗಾತ್ರದ 1911ರಲ್ಲಿ ಸ್ಕ್ರೂ ತೂತುಗಳ ನಡುವಿನ ಅಂತರ ಸುಮಾರು 78 ಮಿ.ಮೀ.; ಹಳೆಯ ಪಟ್ಟಿಯನ್ನೇ ಅಚ್ಚಾಗಿ ಇಟ್ಟು ಕೊರೆದೆ. ಅತಿ ಹೆಚ್ಚು ಸಮಯ ತಿಂದದ್ದು ಮೇಲಂಚು. ಅಲ್ಲಿ ಪ್ಲಂಜರ್ ಟ್ಯೂಬ್ ಇದೆ, ಸೇಫ್ಟಿಯನ್ನು (ಗುಂಡು ಹಾರದಂತೆ ತಡೆಯುವ ಕೀಲಿಯನ್ನು) ಒತ್ತಿ ಹಿಡಿಯುವ ಸ್ಪ್ರಿಂಗ್ ಕೂರುವ ಸಣ್ಣ ಕೊಳವೆ. ಪಟ್ಟಿ ಹೊರಗಿನಿಂದ ಅದಕ್ಕೆ ಆತುಕೊಂಡು ನಿಂತರೆ ಟ್ಯೂಬ್ ಅಲುಗುವುದಿಲ್ಲ. ಅದು ಸಡಿಲವಾದರೆ ಸೇಫ್ಟಿ ಸಿಕ್ಕಿಕೊಳ್ಳುತ್ತದೆ. ಉಜ್ಜುವುದನ್ನು 400ನೇ ನಂಬರಿನ ಸ್ಯಾಂಡ್ ಪೇಪರ್‌ಗೆ ನಿಲ್ಲಿಸಿದ್ದೇನೆ, ಅದಕ್ಕಿಂತ ನುಣುಪು ಮಾಡಿದರೆ ಮೈಕಾರ್ಟಾ ಆರಿಸಿದ್ದಕ್ಕೆ ಅರ್ಥವಿಲ್ಲ. ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿದೆ, ಬಿಗಿಯಾಗಿ ಕೂತಿತು.

ಬಲ ಪಟ್ಟಿಗೆ ಆಕಾರ ಬಂದಿದೆ. ನನ್ನ ಪಿಸ್ತೂಲಿಗೆ ಎರಡೂ ಬದಿ ಸೇಫ್ಟಿ ಇರುವುದರಿಂದ ಮೇಲೆ ಅದಕ್ಕೆ ಜಾಗ ಬಿಡುವ ಒಂದು ಕಚ್ಚು ಕೊರೆಯಬೇಕು. ಮುಂದಿನ ಭಾನುವಾರ ಅದಕ್ಕೆ ಕೈ ಹಾಕುತ್ತೇನೆ.