ಕೋಟೆ ಬಿದ್ದ ಊರಿನಲ್ಲಿ ಪಾದ್ರೆ ಪಿಯೊ

ಇಟಲಿಯ ಕಪುಚಿನ್ ಪಾದ್ರಿ, ಸಂತ ಪಾದ್ರೆ ಪಿಯೊ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಇಟಲಿಯ ಸ್ಯಾನ್ ಜೊವಾನ್ನಿ ರೊತೊಂದೊ ಊರು. ಅವರ ಸಮಾಧಿ ಅಲ್ಲಿದೆ. 1956ರಲ್ಲಿ ಬಾಗಿಲು ತೆರೆದ ಅವರ ಕನಸಿನ ಆಸ್ಪತ್ರೆಯೂ ಅಲ್ಲೇ ಇದೆ. ಯಾತ್ರೆಯ ಬಸ್ಸುಗಳೂ ಅಲ್ಲಿಗೇ ಜಾಸ್ತಿ. ಆದರೆ ಇಟಲಿಗೆ ಹೊರಡುವ ಯಾರೇ ಕೇಳಲಿ, ನಾನು ಹೇಳುವುದು ಒಂದೇ: ಪಿಯೆತ್ರೆಲ್ಚಿನಾವನ್ನು ಬಿಡಬೇಡಿ. ಸಂತರು ಹುಟ್ಟಿದ ಊರು ಅದು. ಆತುರ ಪಡದೆ ಅರ್ಧ ದಿನವಾದರೂ ಅಲ್ಲಿ ಸುಮ್ನೆ ನಡೆದಾಡಿ.

ದಕ್ಷಿಣ ಇಟಲಿಯ ಬೆನೆವೆಂತೊ ಪಟ್ಟಣದ ಹತ್ತಿರದ ಸಣ್ಣ ಗುಡ್ಡದೂರು ಇದು. ಹಳೆಯ ಕೇರಿಗೆ ಕಸ್ತೆಲ್ಲೊ, ಅಂದರೆ ಕೋಟೆ ಅಂತಲೇ ಇಂದಿಗೂ ಹೆಸರು. ದೊಡ್ಡ ಬಂಡೆಯ ಮೇಲೆ ಒಡೆಯರು ಕಟ್ಟಿಸಿಕೊಂಡ ಕೋಟೆ, ಅದರ ಸುತ್ತ ಒಕ್ಕಲು ಮಕ್ಕಳ ಪುಟ್ಟ ಮನೆಗಳು. ಕೋಟೆಯಲ್ಲಿ ಈಗ ಉಳಿದಿರುವುದು ಅಷ್ಟಕ್ಕಷ್ಟೇ. ಈ ಸೀಮೆಯಲ್ಲಿ ಭೂಕಂಪಗಳು ಹೊಸದಲ್ಲ. 1688ರ ಜೂನ್ 5ರಂದು ಬಂದದ್ದಂತೂ ಬೆನೆವೆಂತೊವನ್ನೇ ನೆಲಕ್ಕೆ ಕೆಡವಿತ್ತು. ಹಳೆಯ ಗೋಡೆಯ ಒಂದು ಬಾಗಿಲು ಮಾತ್ರ ಗಟ್ಟಿಯಾಗಿ ನಿಂತಿದೆ. ಪೋರ್ತಾ ಮದೊನ್ನೆಲ್ಲಾ ಅಂತ ಅದರ ಹೆಸರು. ಕಮಾನಿನ ಹತ್ತಿರ ಮಾತೆ ಮರಿಯಮ್ಮನವರ ಚಿತ್ರವಿದೆ. ಒಂದು ಕಾಲಕ್ಕೆ ಶತ್ರುಗಳನ್ನು ತಡೆಯಲು ಇದ್ದ ಬಾಗಿಲು ಅದು. ಈಗ ಅದರ ಕೆಳಗೆ ಜಪಸರ ಹಿಡಿದವರು ದಾಟುತ್ತಾರೆ.

ಜಹಗೀರು ಪದ್ಧತಿಯನ್ನು ನೇಪಲ್ಸ್ ರಾಜ್ಯದಲ್ಲಿ 1806ರಲ್ಲೇ ಕಾನೂನು ಮಾಡಿ ತೆಗೆದುಹಾಕಿದರು. ಒಡೆಯರ ಹಕ್ಕು ಹೋಯಿತು, ಬಡವರ ಬಡತನ ಹೋಗಲಿಲ್ಲ. 1887ರ ಮೇ 25ರಂದು ಫ್ರಾಂಚೆಸ್ಕೊ ಫೋರ್ಜೋನೆ, ಅಂದರೆ ಮುಂದೆ ಪಾದ್ರೆ ಪಿಯೊ ಆದ ಹುಡುಗ, ಹುಟ್ಟಿದ್ದು ಅಂಥ ಒಂದು ರೈತರ ಮನೆಯಲ್ಲಿ. ಅಪ್ಪ ಗ್ರಾಸಿಯೊಗೆ ಊರಾಚೆ ಪಿಯಾನಾ ರೊಮಾನಾದಲ್ಲಿ ಒಂದಿಷ್ಟು ಹೊಲ. ಮಗನನ್ನು ಓದಿಸುವಷ್ಟು ಅದರಿಂದ ಹುಟ್ಟುತ್ತಿರಲಿಲ್ಲ. ಕಡೆಗೆ ಆ ಮನುಷ್ಯ ಸಮುದ್ರ ದಾಟಿ ಅಮೆರಿಕಕ್ಕೆ ಕೂಲಿಗೆ ಹೋದರು. ಅಲ್ಲಿಂದ ಬಂದ ದುಡ್ಡಿನಲ್ಲೇ ಹುಡುಗನ ಓದು ನಡೆಯಿತು. ಸಂತರ ಕತೆಗಳಲ್ಲಿ ಅಪ್ಪಂದಿರ ಬೆವರಿಗೆ ಜಾಗ ಕಡಿಮೆ, ಅಲ್ವಾ? ನನಗೆ ಪಿಯೆತ್ರೆಲ್ಚಿನಾದಲ್ಲಿ ಹೆಚ್ಚು ಹೊತ್ತು ಕಾಡಿದ್ದು ಗ್ರಾಸಿಯೊ ಅವರೇ.

ಆ ಮನೆಯನ್ನು ನೋಡಬೇಕು. ವೀಕೊ ಸ್ತೋರ್ತೊ ವಾಲ್ಲೆ ಅನ್ನುವ ಇಕ್ಕಟ್ಟಾದ ಗಲ್ಲಿ. ಸಂತರು ಹುಟ್ಟಿದ ಕೋಣೆಗೆ ಒಂದು ಬಾಗಿಲು, ಅಡುಗೆಮನೆಗೆ ಬೇರೆಯದೇ ಬಾಗಿಲು. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಗಲ್ಲಿಗೇ ಇಳಿಯಬೇಕು. ಮಳೆ ಬರಲಿ, ಚಳಿ ಇರಲಿ, ತಾಯಿ ಜ್ಯುಸೆಪ್ಪಾ ಬಿಸಿ ಪಾತ್ರೆ ಹಿಡಿದು ಹೀಗೇ ಓಡಾಡಿರಬೇಕು. ಸ್ವಲ್ಪ ಆಚೆ, ಬಂಡೆಯ ಮೇಲೆ ತೊರ್ರೆತ್ತಾ. ಒಂದೇ ಕೋಣೆಯ ಪುಟ್ಟ ಗೋಪುರ. ಮೆಟ್ಟಿಲು ಕಡಿದಾಗಿದೆ, ಗೋಡೆ ಹಿಡಿದೇ ಹತ್ತಬೇಕು. ಹುಡುಗ ಓದಿಗೆ ಕೂರುತ್ತಿದ್ದದ್ದು ಇಲ್ಲಿ. ಮುಂದೆ ಕಾಯಿಲೆ ಬಿದ್ದು ಊರಿಗೆ ಮರಳಿದಾಗ ಉಳಿದುಕೊಂಡದ್ದೂ ಇಲ್ಲೇ.

ಈ ಕಾಯಿಲೆಯ ವರ್ಷಗಳ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾದದ್ದು. 1903ರ ಜನವರಿಯಲ್ಲಿ ಮೊರ್ಕೋನೆಯ ಮಠದಲ್ಲಿ ಕಪುಚಿನ್ ಉಡುಪು ತೊಟ್ಟು ಅವರು ಬ್ರದರ್ ಪಿಯೊ ಆದರು. ಸಂತ ಫ್ರಾನ್ಸಿಸರ ದಾರಿಯಲ್ಲೇ ನಡೆಯುವ ಸನ್ಯಾಸಿಗಳ ಸಭೆ ಅದು. ಮಂಗಳೂರಿನ ಹತ್ತಿರ, ನಮ್ಮ ಫರಂಗಿಪೇಟೆಯ ಕಪುಚಿನ್ ಮಠ ಮೊಂತೆ ಮರಿಯಾನೊ ಕಡೆ ಹೋದವರಿಗೆ ಅವರ ಕಂದು ನಿಲುವಂಗಿ, ಸೊಂಟದ ಬಿಳಿ ಹಗ್ಗ ಚೆನ್ನಾಗಿ ಗೊತ್ತು. 1909ರ ಹೊತ್ತಿಗೆ ಬ್ರದರ್ ಪಿಯೊ ಅವರ ಆರೋಗ್ಯ ಪೂರ್ತಿ ಕೆಟ್ಟಿತು. ಮಠದಲ್ಲಿದ್ದರೆ ಅನ್ನ ನಿಲ್ಲದು, ಜ್ವರ ಬಿಡದು. ಊರಿಗೆ ಕಳಿಸಿದರು. 1910ರ ಆಗಸ್ಟ್ 10ರಂದು ಬೆನೆವೆಂತೊದಲ್ಲಿ ಗುರುದೀಕ್ಷೆ, ಅಂದರೆ ಪಾದ್ರಿ ಪಟ್ಟ, ಆಯಿತು. ಆಮೇಲೂ ಮನೆಯಲ್ಲೇ ಇದ್ದರು, 1916ರ ತನಕ. ಹೆಚ್ಚು ಕಡಿಮೆ ಏಳು ವರ್ಷ. ಮಠಕ್ಕೆ ಸೇರಿದವನು ಮಠದಲ್ಲಿ ಇರಲಾರ. ಮೇಲಿನವರಿಗೆ ಅನುಮಾನ, ಊರಿನವರಿಗೆ ಕುತೂಹಲ, ಅವರಿಗೋ ಒಳಗೇ ಕೊರಗು.

ಆದರೆ ದೇವರು ಅವರನ್ನು ಹದ ಮಾಡಿದ್ದು ಈ ಏಳು ವರ್ಷಗಳಲ್ಲೇ ಅಂತ ನಾನು ನಂಬುತ್ತೇನೆ. ಬೆಳಿಗ್ಗೆ ಪೂಜೆ, ಊರಿನ ಮಕ್ಕಳಿಗೆ ಪಾಠ, ಆಮೇಲೆ ಜಪಸರ ಎಣಿಸುತ್ತಾ ಪಿಯಾನಾ ರೊಮಾನಾಗೆ ನಡಿಗೆ. ಅಲ್ಲಿ ಹೊಲದ ಎಲ್ಮ್ ಮರದ ಕೆಳಗೆ ಹುಲ್ಲಿನ ಗುಡಿಸಲು. 1910ರ ಸೆಪ್ಟೆಂಬರ್‌ನಲ್ಲಿ ಪಂಚಗಾಯಗಳ, ಅಂದರೆ ಶಿಲುಬೆಯ ಮೇಲೆ ಯೇಸುವಿಗಾದ ಐದು ಗಾಯಗಳ, ನೋವು ಅವರಿಗೆ ಮೊದಲು ಬಂದದ್ದು ಅಲ್ಲಿ. ಕೈಯ ಮೇಲೆ ಕೆಂಪು ಗುರುತು ಕಂಡಾಗ ಅವರು ನಾಚಿಕೊಂಡರು, ಕಾಣದ ಹಾಗೆ ಮಾಡು ಅಂತ ದೇವರನ್ನು ಬೇಡಿಕೊಂಡರು. ಲೋಕಕ್ಕೆಲ್ಲ ಗೊತ್ತಾದ ಗಾಯಗಳು ಎಂಟು ವರ್ಷದ ನಂತರ, 1918ರ ಸೆಪ್ಟೆಂಬರ್ 20ರಂದು, ಸ್ಯಾನ್ ಜೊವಾನ್ನಿ ರೊತೊಂದೊದಲ್ಲಿ ಬಂದವು. ಆ ಮರದ ಬೊಡ್ಡೆಯನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ. ಅದರ ಎದುರು ಮಂಡಿಯೂರಿದಾಗ ನನಗೆ ಯಾವ ದೊಡ್ಡ ಪ್ರಾರ್ಥನೆಯೂ ಬರಲಿಲ್ಲ. ಕಾಯಿಲೆ ಬಿದ್ದು ಮನೆಯಲ್ಲೇ ಉಳಿದವರ ಹೆಸರುಗಳಷ್ಟೇ ಒಂದೊಂದಾಗಿ ಬಾಯಿಗೆ ಬಂದವು.

ಕೋಟೆ ಕೇರಿಯಲ್ಲೇ ಸಂತ ಅನ್ನಮ್ಮನವರ ಇಗರ್ಜಿ ಇದೆ. ಹುಟ್ಟಿದ ಮರುದಿನವೇ ಮಗುವಿಗೆ ಜ್ಞಾನಸ್ನಾನ ಆದದ್ದು ಇಲ್ಲಿ. ಊರಿನ ಪಾಲಕಿ ಮದೊನ್ನಾ ದೆಲ್ಲಾ ಲಿಬೆರಾ. ಆಗಸ್ಟ್‌ನ ಮೊದಲ ಭಾನುವಾರ ಆಕೆಯ ಹಬ್ಬ, ಜನ ಹರಕೆ ಹೊತ್ತು ಬರುತ್ತಾರೆ. ಪಾದ್ರೆ ಪಿಯೊ ಎಲ್ಲಿದ್ದರೂ ಈ ಅಮ್ಮನನ್ನು ಮರೆತವರಲ್ಲ. 1916ರಲ್ಲಿ ಊರು ಬಿಟ್ಟ ಮೇಲೆ 1968ರ ಸೆಪ್ಟೆಂಬರ್ 23ರಂದು ತೀರಿಕೊಳ್ಳುವ ತನಕ ಸ್ಯಾನ್ ಜೊವಾನ್ನಿ ರೊತೊಂದೊವೇ ಅವರ ಮನೆಯಾಯಿತು. 2002ರ ಜೂನ್ 16ರಂದು ಪೋಪ್ ಎರಡನೇ ಜಾನ್ ಪೌಲ್, ಪಾದ್ರೆ ಪಿಯೊ ಅವರನ್ನು ಸಂತರೆಂದು ಸಾರಿದರು.

ಸೆಪ್ಟೆಂಬರ್ 23 ಅವರ ಹಬ್ಬ. ನವೇನ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, 14ಕ್ಕೆ ಶುರುವಾಗುತ್ತದೆ. ನಿಮ್ಮ ಮನೆಯಲ್ಲೂ ವರ್ಷಗಟ್ಟಲೆ ಹಾಸಿಗೆ ಹಿಡಿದವರು, ಮಾಡಬೇಕೆಂದುಕೊಂಡದ್ದು ಅರ್ಧಕ್ಕೆ ನಿಂತು ಊರಿಗೆ ಮರಳಿದವರು ಇದ್ದರೆ, ಈ ಸಲ ಅವರ ಪಕ್ಕದಲ್ಲೇ ಕೂತು ನವೇನ ಹೇಳಿ.