ಸ್ಕೂಬಾ ಕಲಿಯಲು ಯಾವ ಕಡಲಿಗೆ ಹೋಗಬೇಕು?

ನನ್ನ ಅಕ್ಕನ ಮಗಳು ಈ ವರ್ಷ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಟ್ಯಾಂಕು ಹೊತ್ತು ನೀರಿನಡಿ ಈಜುವುದನ್ನು ಕಲಿತೇ ತೀರುತ್ತೇನೆಂದು ಹೊರಟಿದ್ದಾಳೆ. ಕೆಲವು ವರ್ಷಗಳ ಹಿಂದೆ ಅಂಡಮಾನಿನಲ್ಲಿ ಕಲಿತು ಬಂದವಳು ನಾನಾದ್ದರಿಂದ, "ಚಿಕ್ಕಮ್ಮ, ಎಲ್ಲಿ ಮೀನು ಜಾಸ್ತಿ ಕಾಣುತ್ತೆ ಹೇಳು, ಅಲ್ಲಿಗೇ ಹೋಗ್ತೀನಿ" ಎಂದು ನನ್ನನ್ನು ಕೇಳಿದಳು. ಬೆಂಗಳೂರಿನಲ್ಲಿ ಈ ವಿಷಯ ವಿಚಾರಿಸುವ ಬಹುತೇಕರ ಮೊದಲ ಪ್ರಶ್ನೆಯೂ ಇದೇ. ಪ್ರಶ್ನೆ ಸಹಜವಾದದ್ದು, ಆದರೆ ಕಲಿಯುವವರಿಗೆ ಅದು ಸರಿಯಾದ ಅಳತೆಗೋಲಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲ ದಿನಗಳಲ್ಲಿ ಗಮನವೆಲ್ಲ ಉಸಿರಿನ ಮೇಲೆ, ಕಿವಿಯ ಮೇಲೆ, ಇನ್‌ಸ್ಟ್ರಕ್ಟರ್ ಮಾಡುವ ಕೈಸನ್ನೆಯ ಮೇಲೆ ಇರುತ್ತದೆ. ಪಕ್ಕದಲ್ಲೇ ಆಮೆಯೊಂದು ಹಾದು ಹೋದರೂ ಅದನ್ನು ನೋಡುವ ವ್ಯವಧಾನ ಇರುವುದಿಲ್ಲ. ಆ ದಿನಗಳಿಗೆ ಬೇಕಾದದ್ದು ಆಳ ಕಡಿಮೆಯಿರುವ, ಸೆಳೆತವಿಲ್ಲದ, ತಳದಲ್ಲಿ ಮರಳಿರುವ ಬೆಚ್ಚಗಿನ ನೀರು ಮತ್ತು ಅವಸರ ಮಾಡದ ಒಬ್ಬ ಗುರು.

ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತೇನೆಂದು ತಿಳಿಯಲು ಕಲಿಕೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ಹೆಚ್ಚಿನವರು ಆರಂಭಿಸುವುದು ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಅಥವಾ ಎಸ್‌ಎಸ್‌ಐ ಸಂಸ್ಥೆಗಳ 'ಓಪನ್ ವಾಟರ್ ಡೈವರ್' ಕೋರ್ಸಿನಿಂದ. 10 ವರ್ಷ ತುಂಬಿದ ಮಕ್ಕಳೂ ಇದಕ್ಕೆ ಸೇರಬಹುದು. ಪ್ಯಾಡಿಯ ನಿಯಮದಂತೆ ಕೋರ್ಸ್ ಮುಗಿಯುವುದರೊಳಗೆ 200 ಮೀಟರ್ ದೂರವನ್ನು ನಿಲ್ಲದೆ ಈಜಿ ತೋರಿಸಬೇಕು, 10 ನಿಮಿಷ ಯಾವ ಆಸರೆಯೂ ಇಲ್ಲದೆ ನೀರಿನ ಮೇಲೆ ತೇಲಬೇಕು. ಪಾಠ, ಈಜುಕೊಳದಂಥ ಸುರಕ್ಷಿತ ನೀರಿನಲ್ಲಿ ಅಭ್ಯಾಸ, ಅನಂತರ ಸಮುದ್ರದಲ್ಲಿ 4 ಡೈವ್, ಇವಿಷ್ಟು ಮುಗಿದರೆ ದೊಡ್ಡವರಿಗೆ 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯುವ ಅರ್ಹತೆ ಸಿಗುತ್ತದೆ. ಪ್ರವಾಸಿಗರಿಗೆಂದು ನಡೆಸುವ ಒಂದು ದಿನದ 'ಟ್ರೈ ಡೈವ್' ಬೇರೆಯೇ ಸಂಗತಿ. ಅದರಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ತಿರುಗಾಡಿಸುತ್ತಾರೆ, ಈಜು ಬಾರದವರೂ ಇಳಿಯಬಹುದು, ಆದರೆ ಅದರಿಂದ ಕಲಿತಂತಾಗುವುದಿಲ್ಲ.

ಈ ಕೋರ್ಸಿನಲ್ಲಿ ಹೆಚ್ಚಿನವರನ್ನು ಕಾಡುವುದು ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕಿನ ಅಭ್ಯಾಸ. ನೀರಿನಡಿಯಲ್ಲಿ ಮಂಡಿಯೂರಿ ಕುಳಿತು, ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಳ್ಳಬೇಕು; ಆಮೇಲೆ ಅದರ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ತಲೆಯನ್ನು ತುಸು ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಡುತ್ತ ಆ ನೀರನ್ನು ಕೆಳಗಿನಿಂದ ಹೊರಗೆ ತಳ್ಳಬೇಕು. ಉಪ್ಪುನೀರು ಮೂಗಿಗೆ ತಾಗಿದ ಆ ಒಂದು ಕ್ಷಣದಲ್ಲಿ ಬಾಯಲ್ಲಿ ಟ್ಯಾಂಕಿನ ಗಾಳಿ ಒದಗಿಸುವ ರೆಗ್ಯುಲೇಟರ್ ಇದೆ, ಗಾಳಿ ಬರುತ್ತಲೇ ಇದೆ ಎಂಬುದು ಗೊತ್ತಿದ್ದರೂ ದೇಹ ಮೇಲಕ್ಕೆ ಹಾರಲು ಹವಣಿಸುತ್ತದೆ. ಮೂರು ನಾಲ್ಕು ಮೀಟರ್ ಆಳದ ಮರಳಿನ ಮೇಲೆ ಇದನ್ನು ಮಾಡುವಾಗ ಮಂಡಿಗೆ ನೆಲದ ಆಸರೆಯಿರುತ್ತದೆ, ಗುರುವಿನ ಮುಖ ಎದುರಿಗೇ ಕಾಣುತ್ತದೆ, ಮನಸ್ಸು ಹಿಡಿತಕ್ಕೆ ಬರುತ್ತದೆ. ಸೆಳೆತ ಇರುವ ಕಡೆ ಅದೇ ಅಭ್ಯಾಸ ಅಂಜಿಕೆಯ ಅನುಭವವಾಗಿಬಿಡುತ್ತದೆ. ಹವಳದ ಮೇಲೆ ಮಂಡಿಯೂರುವ ಮಾತಂತೂ ಬರಲೇಬಾರದು. ಹತ್ತಾರು ವರ್ಷ ಬೆಳೆದ ಹವಳ ಒಂದು ಒದೆತಕ್ಕೆ ಮುರಿದು ಬೀಳುತ್ತದೆ.

ಎರಡನೆಯದು ಕಿವಿ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾಯುಭಾರದಷ್ಟು, ಎಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು, ಏರುತ್ತದೆ. ಅಂದರೆ ಮೇಲಿನಿಂದ 10 ಮೀಟರ್‌ಗೆ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗಿರುತ್ತದೆ. ಅದೇ ಒತ್ತಡ ಇನ್ನೊಮ್ಮೆ ಇಮ್ಮಡಿಸಲು 30 ಮೀಟರ್‌ವರೆಗೆ ಹೋಗಬೇಕು. ಹೀಗಾಗಿ ಕಿವಿಗೆ ಹೆಚ್ಚು ಕಷ್ಟವಾಗುವುದು ಮೊದಲ ಕೆಲವು ಮೀಟರ್‌ಗಳಲ್ಲಿ. ಮೂಗು ಹಿಡಿದು ಮೆಲ್ಲಗೆ ಗಾಳಿಯೂದಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಬೇಕು, ನೋವಾಗುವ ಮೊದಲೇ ಮಾಡಬೇಕು, ಆಗದಿದ್ದರೆ ಒಂದೆರಡು ಅಡಿ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ದಡದಿಂದ ನಡೆದು ಹೋಗಿ ಇಳಿಜಾರಿನಲ್ಲಿ ಹಂತಹಂತವಾಗಿ ಇಳಿಯುವ ಜಾಗದಲ್ಲಿ ಇದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಅಲೆಗೆ ತೂಗಾಡುವ ದೋಣಿಯಿಂದ ಹಾರಿ ಹಗ್ಗ ಹಿಡಿದು ನೇರ ಕೆಳಗಿಳಿಯುವಾಗ ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ದಡದಿಂದಲೇ ಇಳಿಯಬಹುದಾದ ಜಾಗವನ್ನು ಕಲಿಯುವವರಿಗೆ ನಾನು ಮೊದಲು ಸೂಚಿಸುವುದು ಈ ಕಾರಣಕ್ಕೆ.

ಬೆಂಗಳೂರಿಗೆ ಕಡಲಿಲ್ಲದಿದ್ದರೂ ಕಲಿಕೆಯ ಅರ್ಧ ಭಾಗವನ್ನು ಇಲ್ಲೇ ಮುಗಿಸಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಪಾಠವನ್ನು ಆನ್‌ಲೈನಿನಲ್ಲಿ ಓದಿ, ನಗರದ ಈಜುಕೊಳವೊಂದರಲ್ಲಿ ಅಭ್ಯಾಸಗಳನ್ನು ಪೂರೈಸಿ, ಅದರ ದಾಖಲೆಯನ್ನು ತೆಗೆದುಕೊಂಡು ಹೋಗಿ ಸಮುದ್ರದ 4 ಡೈವ್‌ಗಳನ್ನು ಬೇರೆ ಊರಿನ ಸೆಂಟರಿನಲ್ಲಿ ಮಾಡುವುದಕ್ಕೆ 'ರೆಫರಲ್' ಎಂಬ ವ್ಯವಸ್ಥೆಯೇ ಇದೆ. ರಜೆ ಕಡಿಮೆ ಇರುವ ಐಟಿ ಉದ್ಯೋಗಿಗಳಿಗೆ ಇದಕ್ಕಿಂತ ಅನುಕೂಲ ಮತ್ತೊಂದಿಲ್ಲ. ಈಜು ಮಾತ್ರ ಅದಕ್ಕೂ ಮೊದಲೇ ಗಟ್ಟಿಯಾಗಬೇಕು. ನಮ್ಮ ಹುಡುಗಿ ಸದ್ಯ ಬೆಳಗ್ಗೆ ಪಾಲಿಕೆಯ ಈಜುಕೊಳಕ್ಕೆ ಹೋಗುತ್ತಿದ್ದಾಳೆ. ವೇಗ ಬೇಡ, ದಣಿಯದೆ ಈಜುವುದನ್ನು ಕಲಿ ಎಂದಷ್ಟೇ ಅವಳಿಗೆ ಹೇಳಿದ್ದೇನೆ.

ಇನ್ನು ಸ್ಥಳಗಳು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬೊನೇರ್, ಉಟಿಲಾ, ಕೊಜುಮೆಲ್ ಎಂಬ ಕೆರಿಬಿಯನ್ ಹೆಸರುಗಳು ಮುಂದೆ ಬರುತ್ತವೆ. ಅಮೆರಿಕದಲ್ಲಿರುವವರಿಗೆ ಅವು ಹತ್ತಿರ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರಡುವ ನಮಗೆ ಅವುಗಳ ಗೊಡವೆ ಬೇಡ.

ನಮ್ಮವರಿಗೆ ಮೊದಲು ನೆನಪಾಗುವುದು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲ ನಡುವೆ ಎದ್ದು ನಿಂತ ಈ ಬಂಡೆಯ ದ್ವೀಪ ನಮ್ಮ ರಾಜ್ಯದ ಹೆಮ್ಮೆ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ, ನೀರಿನಡಿಯ ಬಂಡೆಗಳ ಸುತ್ತ ಮೀನುಗಳಿಗೂ ಕೊರತೆಯಿಲ್ಲ. ಕನ್ನಡದಲ್ಲೇ ಮಾತಾಡುವ ದೋಣಿಯವರೊಂದಿಗೆ ಹೋಗಿಬರುವ ಸುಖವೂ ಅಲ್ಲಿದೆ. ಆದರೂ ಪೂರ್ತಿ ಕೋರ್ಸಿಗೆ ಅದನ್ನು ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ. ತೆರೆದ ಕಡಲಿನಲ್ಲಿ ಸಾಗುವ ದೋಣಿಪ್ರಯಾಣ ಅನೇಕರಿಗೆ ವಾಂತಿ ತರಿಸುತ್ತದೆ, ನಡೆದು ಇಳಿಯುವ ಮರಳಿನ ದಡ ಅಲ್ಲಿಲ್ಲ, ನೀರಿನ ತಿಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸರ್ಟಿಫಿಕೇಟ್ ಪಡೆದ ಮೇಲೆ ಹೋದರೆ ನೇತ್ರಾಣಿಯ ನಿಜವಾದ ಸೊಗಸು ತಿಳಿಯುತ್ತದೆ.

ನೇತ್ರಾಣಿಗೆ ಹೋಗುವ ಬೆಂಗಳೂರಿಗರು ತಿಳಿದಿರಲೇಬೇಕಾದ ಇನ್ನೊಂದು ವಿಷಯವಿದೆ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಆಳದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಹೆಚ್ಚಾಗಿ ಕರಗುತ್ತದೆ. ಹೊರಗಿನ ಒತ್ತಡ ಬೇಗನೆ ಕಡಿಮೆಯಾದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆ ಏಳುವಂತೆ ಅದು ಗುಳ್ಳೆಗಳಾಗಿ ಹೊರಬಂದು ದೇಹಕ್ಕೆ ಅಪಾಯ ತರಬಹುದು. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದು ಎನ್ನುವುದು ಇದಕ್ಕಾಗಿ. ಡೈವರುಗಳ ಆರೋಗ್ಯಕ್ಕಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಅಥವಾ ಹಲವು ದಿನಗಳ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಆ ಸಲಹೆ ಅನ್ವಯಿಸುವುದು 2,000 ಅಡಿಯಿಂದ, ಅಂದರೆ ಸುಮಾರು 600 ಮೀಟರ್ ಎತ್ತರದ ಒತ್ತಡದಿಂದ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಸಕಲೇಶಪುರವೂ ಹಾಗೆಯೇ. ಮಧ್ಯಾಹ್ನ ನೀರಿನಿಂದ ಮೇಲೆ ಬಂದು, ಸಂಜೆ ಬಸ್ಸು ಹತ್ತಿ, ರಾತ್ರಿಯೇ ಘಾಟಿ ಏರುವವರು ವಿಮಾನ ಹತ್ತಿಲ್ಲದಿದ್ದರೂ ಆ ಎತ್ತರಕ್ಕೆ ಏರಿರುತ್ತಾರೆ. ಸೋಮವಾರದ ಆಫೀಸಿಗಾಗಿ ಹೀಗೆ ಓಡಿ ಬರುವುದು ಬೇಡ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಕಲಿಯಲು ನನ್ನ ಮೊದಲ ಆಯ್ಕೆ ಅಂಡಮಾನಿನ ಹ್ಯಾವ್‌ಲಾಕ್. 2018ರಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯಪುರಂಗೆ ವಿಮಾನ, ಅಲ್ಲಿಂದ ಹಡಗು. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಬೇಡ, ಮಾತಿಗೆ ಹಿಂದಿ ಸಾಕು. ಅಲ್ಲಿನ ನೀಮೋ ರೀಫ್ ಎಂಬ ಜಾಗದಲ್ಲಿ ದಡದಿಂದಲೇ ನೀರಿಗಿಳಿಯಬಹುದು. ಮೊದಲು ಮರಳು, ಆಮೇಲೆ ಅಲ್ಲೊಂದು ಇಲ್ಲೊಂದು ಹವಳದ ಗುಂಪು, ಅದರಲ್ಲಿ ಕಡಲ ಹೂವಿನ ಎಸಳುಗಳ ನಡುವೆ ಸುಳಿಯುವ ಕಿತ್ತಳೆ ಬಣ್ಣದ ಪುಟ್ಟ ಮೀನು. ಅದು ತನ್ನ ಮನೆ ಕಾಯಲು ನಮ್ಮ ಮಾಸ್ಕಿನ ಗಾಜಿನವರೆಗೂ ನುಗ್ಗಿ ಬಂದು ಹಿಂದೆ ಸರಿಯುತ್ತದೆ. ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿಯಷ್ಟು ಬೆಚ್ಚಗಿರುವುದರಿಂದ ಮೈಯ ಬಿಸಿ ಕಾಯುವ ತೆಳುವಾದ ವೆಟ್‌ಸೂಟ್ ಸಾಕಾಗುತ್ತದೆ. ಒಂದು ಮಾತನ್ನು ಮುಚ್ಚಿಡಬಾರದು: 2010ರಲ್ಲಿ ನೀರು ಬಿಸಿಯೇರಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು, ಕಡಿಮೆ ಆಳದ ಕಡೆಗಳಲ್ಲಿ ಸತ್ತ ಹವಳ ಈಗಲೂ ಕಾಣುತ್ತದೆ. ಅದನ್ನು ನೋಡಿದಾಗ ನೋವಾಗುತ್ತದೆ, ಆದರೆ ಕಲಿಕೆಗೆ ಅದು ಅಡ್ಡಿಯಲ್ಲ.

ಲಕ್ಷದ್ವೀಪದಲ್ಲಿ ಹವಳದ ದಂಡೆಯ ಒಳಗಿರುವ, ಆಳ ಕಡಿಮೆಯ ಲಗೂನುಗಳು ಕಲಿಯಲು ಇನ್ನೂ ಪ್ರಶಾಂತವಾಗಿವೆ. ಬಂಗಾರಂ, ಕಡಮತ್ತಿನ ನೀರಿನ ತಿಳಿಯನ್ನು ಎಷ್ಟು ಹೊಗಳಿದರೂ ಸಾಲದು. ಪ್ರವೇಶಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಉಳಿಯುವ ಜಾಗಗಳು ಕಡಿಮೆ. ತಾಳ್ಮೆಯಿದ್ದವರು ಪ್ರಯತ್ನಿಸಬಹುದು.

ಹೊರದೇಶಗಳಲ್ಲಿ ಥಾಯ್ಲೆಂಡಿನ ಕೊ ಟಾವ್ ದ್ವೀಪ ಹೊಸಬರ ಪಾಠಶಾಲೆಯೆಂದೇ ಹೆಸರಾಗಿದೆ. ಸುಮಾರು 21 ಚದರ ಕಿಲೋಮೀಟರ್‌ನ ಆ ಪುಟ್ಟ ದ್ವೀಪದಲ್ಲಿ ಡೈವ್ ಶಾಲೆಗಳು ಒತ್ತಾಗಿರುವುದರಿಂದ ಶುಲ್ಕ ಕಡಿಮೆ, ಸುತ್ತಲ ಕೊಲ್ಲಿಗಳಲ್ಲಿ ನೀರು ಶಾಂತ. ತಲುಪುವುದು ಮಾತ್ರ ದೀರ್ಘ: ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಚುಂಫೋನಿಗೆ ರೈಲು ಅಥವಾ ಬಸ್ಸು, ಆಮೇಲೆ ದೋಣಿ. ಬಾಲಿಗೆ ಹೋಗುವವರಿಗೆ ತುಲಂಬೆನ್ ಇದೆ. 1942ರಲ್ಲಿ ಜಪಾನಿನ ಸಬ್‌ಮರೀನಿನ ಟಾರ್ಪಿಡೊ ಬಡಿದು ದಡಕ್ಕೆ ತಂದು ಬಿಟ್ಟಿದ್ದ 'ಲಿಬರ್ಟಿ' ಎಂಬ ಅಮೆರಿಕದ ಹಡಗು 1963ರ ಅಗುಂಗ್ ಜ್ವಾಲಾಮುಖಿಯ ಸ್ಫೋಟದಲ್ಲಿ ನೀರಿಗೆ ಜಾರಿ, ಈಗ ದಡದ ಹತ್ತಿರವೇ ಹವಳ ಹೊದ್ದು ಮಲಗಿದೆ. ಅಲ್ಲಿನ ದಡ ಮರಳಿನದಲ್ಲ, ಉರುಟು ಕಲ್ಲುಗಳದ್ದು. ಊರಿನ ಹೆಂಗಸರು ಗಾಳಿಯ ಟ್ಯಾಂಕುಗಳನ್ನು ತಲೆಯ ಮೇಲಿಟ್ಟು ಆ ಕಲ್ಲಿನ ಮೇಲೆ ಸಲೀಸಾಗಿ ನಡೆಯುತ್ತಾರೆ, ನಾವು ಕಾಲು ಹೊರಳದಂತೆ ನೋಡಿಕೊಳ್ಳಬೇಕು. ಅದೇ ಬಾಲಿಯ ಪಕ್ಕದ ನೂಸಾ ಪೆನಿಡಾ ಹೊಸಬರಿಗೆ ಸಲ್ಲದು, ಅಲ್ಲಿನ ಸೆಳೆತ ಬಲವಾದದ್ದು. ಮಾಲ್ಡೀವ್ಸ್ ಬಗ್ಗೆಯೂ ಇದೇ ಎಚ್ಚರಿಕೆ: ರೆಸಾರ್ಟಿನ ಲಗೂನಿನಲ್ಲಿ ಕಲಿಯಬಹುದು, ದ್ವೀಪಗಳ ನಡುವಿನ ಕಾಲುವೆಗಳು ಅನುಭವಿಗಳಿಗೆ.

ಸ್ಥಳದಷ್ಟೇ ಮುಖ್ಯವಾದದ್ದು ತಿಂಗಳು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರಿನಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ, ಅಂಡಮಾನಿನ ಕಡಲೂ ಒರಟಾಗಿರುತ್ತದೆ. ಆ ತಿಂಗಳುಗಳಲ್ಲಿ ಕೊ ಟಾವ್, ಬಾಲಿ, ಶ್ರೀಲಂಕಾದ ಪೂರ್ವ ಕರಾವಳಿಯ ತ್ರಿಕೋನಮಲೆ ಚೆನ್ನಾಗಿರುತ್ತವೆ. ಶ್ರೀಲಂಕಾದಲ್ಲೇ ನೈಋತ್ಯದ ಹಿಕ್ಕಡುವ, ಉನವಟುನಗಳ ಕಾಲ ನವೆಂಬರಿನಿಂದ ಏಪ್ರಿಲ್. ಕೊ ಟಾವ್‌ನಲ್ಲಿ ಮಳೆಯ ಕಾಲ ನವೆಂಬರ್ ಡಿಸೆಂಬರ್ ಆದ್ದರಿಂದ ಕ್ರಿಸ್‌ಮಸ್ ರಜೆಗೆ ಅಲ್ಲಿಗೆ ಹೋಗುವುದು ಬೇಡ. ಹ್ಯಾವ್‌ಲಾಕ್‌ಗೆ ಜನವರಿಯಿಂದ ಏಪ್ರಿಲ್ ಒಳ್ಳೆಯದು. ಶಾಲೆಯ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲಿನಲ್ಲೇ ಮುಗಿಸಿಕೊಳ್ಳಲಿ, ಮೇ ನಡುವಿನ ನಂತರ ಮುಂಗಾರು ಬಂದುಬಿಡುತ್ತದೆ. ದಸರೆಯ ಹೊತ್ತಿಗೆ ಬಂಗಾಳಕೊಲ್ಲಿಯ ಚಂಡಮಾರುತಗಳ ಕಾಟವಿರಬಹುದು.

ಡೈವ್ ಸೆಂಟರಿಗೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು. ಪ್ಯಾಡಿಯ ನಿಯಮ ಸಮುದ್ರದಲ್ಲಿ 8 ಜನರವರೆಗೆ ಒಪ್ಪುತ್ತದೆ. ನನಗೆ ನಾಲ್ಕಕ್ಕಿಂತ ಹೆಚ್ಚು ಒಪ್ಪಿಗೆಯಿಲ್ಲ. ಕಿವಿ ಸರಿಹೋಗದಿದ್ದರೆ ಇನ್ನೊಂದು ದಿನ ಕೊಡುತ್ತೀರಾ, ಅದಕ್ಕೆ ಬೇರೆ ಹಣವೇ, ದೋಣಿಯಲ್ಲಿ ಆಮ್ಲಜನಕ ಇದೆಯೇ, ದೇಹದಲ್ಲಿ ಗುಳ್ಳೆ ಎದ್ದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಕೊಠಡಿ ಹತ್ತಿರದಲ್ಲಿ ಎಲ್ಲಿದೆ ಎಂಬುದನ್ನೂ ಕೇಳುತ್ತೇನೆ. ಅಕ್ಕನ ಮಗಳಿಗಾಗಿ ವಿಚಾರಿಸಿದ ಒಂದು ಸೆಂಟರಿನವರು, ಕೋರ್ಸಿಗೆ ಮುನ್ನ ತುಂಬಬೇಕಾದ ಆರೋಗ್ಯದ ಪ್ರಶ್ನಾವಳಿಯ ಬಗ್ಗೆ ನಾನು ಮಾತೆತ್ತಿದಾಗ, "ಅದೆಲ್ಲ ಫಾರ್ಮಾಲಿಟಿ ಮೇಡಂ, ಎಲ್ಲದಕ್ಕೂ ನೋ ಅಂತ ಬರೆದುಬಿಡಿ" ಎಂದರು. ಅಲ್ಲಿಗೆ ಆ ಮಾತುಕತೆ ಮುಗಿಯಿತು. ಅವಳಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಮೇಲೆ ಬರುವಾಗ ಅದು ಹಿಗ್ಗಿ ಪ್ರಾಣಕ್ಕೇ ಅಪಾಯ ತರುತ್ತದೆ. ಉಬ್ಬಸ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಯಾವುದೇ ಇರಲಿ, ವೈದ್ಯರು ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಮುಂದಿನ ಮಾತು.

ಅವಳನ್ನು ಪರೀಕ್ಷಿಸಿದ ವೈದ್ಯರು ಒಪ್ಪಿಗೆ ಕೊಟ್ಟಿದ್ದಾರೆ. ಈಜುಕೊಳದ ಅಭ್ಯಾಸವನ್ನು ಇಲ್ಲೇ ಮುಗಿಸಿ ಫೆಬ್ರವರಿಯಲ್ಲಿ ಹ್ಯಾವ್‌ಲಾಕ್‌ಗೆ ಹೋಗುವುದೆಂದು ನಿಶ್ಚಯವಾಗಿದೆ. ವಿಮಾನದ ಟಿಕೆಟ್ ತೆಗೆಯುವಾಗ ಕೊನೆಯ ಡೈವ್ ಮತ್ತು ಹಿಂತಿರುಗುವ ವಿಮಾನದ ನಡುವೆ ಒಂದು ಪೂರ್ತಿ ದಿನ ಬಿಡಿಸಿದ್ದೇನೆ. ಅಕ್ಕ ಅದನ್ನು ನೋಡಿ, ಒಂದು ದಿನದ ಹೋಟೆಲ್ ಖರ್ಚು ಸುಮ್ಮನೆ ಏಕೆ ಎಂದಳು. ಅಂದು ರಾಧಾನಗರದ ಕಡಲತೀರದಲ್ಲಿ ಅಡ್ಡಾಡಿಕೊಂಡಿರಲಿ, ಟಿಕೆಟ್ ಮಾತ್ರ ಬದಲಾಯಿಸಬೇಡ ಎಂದು ಹೇಳಿದ್ದೇನೆ.